ತಂಡದ ಗಾರ್ಡ್‌ಗಳಲ್ಲಿ ನಿಜವಾದ ಪಾಯಿಂಟ್ ಗಾರ್ಡ್ ಯಾರು ಎಂದು ಗುರುತಿಸುವ ಬಗೆ

ಬೆಂಗಳೂರಿನಲ್ಲಿ ಕಾಲೇಜು ಮಟ್ಟದ ಅಥವಾ ಕ್ಲಬ್ ಮಟ್ಟದ ಯಾವ ಬ್ಯಾಸ್ಕೆಟ್‌ಬಾಲ್ ತಂಡವನ್ನು ನೋಡಿದರೂ ಅದರಲ್ಲಿ ಮೂರು ನಾಲ್ಕು ಮಂದಿ ಗಾರ್ಡ್‌ಗಳು, ಅಂದರೆ ರಿಂಗ್‌ನಿಂದ ದೂರದಲ್ಲಿ ಚೆಂಡು ನಡೆಸುವವರು, ಇದ್ದೇ ಇರುತ್ತಾರೆ. ಎಲ್ಲರೂ ಚುರುಕು, ಎಲ್ಲರೂ ಉಳಿದವರಿಗಿಂತ ಸ್ವಲ್ಪ ಗಿಡ್ಡ, ಎಲ್ಲರಿಗೂ ಎರಡೂ ಕೈಯಲ್ಲಿ ಡ್ರಿಬಲ್ ಮಾಡಲು ಬರುತ್ತದೆ. ಅವರಲ್ಲಿ ಒಬ್ಬರನ್ನು ಪಾಯಿಂಟ್ ಗಾರ್ಡ್ ಎಂದು ಕರೆಯುವುದು ರೂಢಿ. ಆದರೆ ಆ ಹೆಸರು ಬಹಳಷ್ಟು ಸಲ ಆಟವನ್ನು ನೋಡಿ ಬಂದದ್ದಲ್ಲ, ಎತ್ತರವನ್ನು ಅಳೆದು ಬಂದದ್ದು. ಶಾಲೆಯಲ್ಲಿ ಎಲ್ಲರಿಗಿಂತ ಗಿಡ್ಡನಾಗಿದ್ದ ಹುಡುಗನ ಕೈಗೆ ಚೆಂಡು ಕೊಟ್ಟು 'ನೀನು ಒಂದನೇ ನಂಬರ್' ಎಂದು ಯಾರೋ ಹೇಳಿರುತ್ತಾರೆ, ಹತ್ತು ವರ್ಷ ಕಳೆದರೂ ಅವನು ಅದೇ ನಂಬರಿನಲ್ಲಿ ಆಡುತ್ತಿರುತ್ತಾನೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಈ ಸ್ಥಾನವನ್ನು ಅತ್ಯಂತ ಚೆನ್ನಾಗಿ ಆಡಿದವರಲ್ಲಿ ಒಬ್ಬರಾದ ಮ್ಯಾಜಿಕ್ ಜಾನ್ಸನ್ ಅವರ ಎತ್ತರ 6 ಅಡಿ 9 ಇಂಚು. ಆದ್ದರಿಂದ ಎತ್ತರದ ಮಾತನ್ನು ಮೊದಲೇ ಬದಿಗಿಡಬೇಕು. ಡ್ರಿಬಲ್ ಚೆನ್ನಾಗಿದೆ ಎನ್ನುವುದನ್ನೂ ಸದ್ಯಕ್ಕೆ ಬದಿಗಿಡಬೇಕು, ಏಕೆಂದರೆ ಅದು ಈ ಕೆಲಸಕ್ಕೆ ಬೇಕಾದ ಸಾಮಾನು ಮಾತ್ರ, ಕೆಲಸವಲ್ಲ.

ಕೆಲಸ ಏನೆಂಬುದನ್ನು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳ ಗಡಿಯಾರದಿಂದಲೇ ಅರ್ಥ ಮಾಡಿಕೊಳ್ಳಬಹುದು. ಚೆಂಡು ಸಿಕ್ಕ ತಂಡ 8 ಸೆಕೆಂಡಿನೊಳಗೆ ಅರ್ಧ ಅಂಕಣ ದಾಟಬೇಕು, 24 ಸೆಕೆಂಡಿನೊಳಗೆ ರಿಂಗ್‌ಗೆ ತಾಗುವಂತೆ ಶಾಟ್ ಹೊಡೆಯಬೇಕು. ಒತ್ತಡವಿಲ್ಲದೆ ದಾಟಲು ಐದಾರು ಸೆಕೆಂಡು ಹೋದರೆ ಉಳಿಯುವುದು ಸುಮಾರು 18 ಸೆಕೆಂಡು. ಆ 18 ಸೆಕೆಂಡಿನಲ್ಲಿ ಉಳಿದ ನಾಲ್ವರು ಎಲ್ಲಿ ನಿಲ್ಲಬೇಕು, ಯಾರ ಕೈಗೆ ಚೆಂಡು ಯಾವಾಗ ಹೋಗಬೇಕು, ಮೊದಲ ಯೋಚನೆ ಫಲಿಸದಿದ್ದರೆ ಎರಡನೆಯದು ಏನು ಎಂಬುದನ್ನು ಓಡುತ್ತಲೇ ತೀರ್ಮಾನಿಸುವವನು ಪಾಯಿಂಟ್ ಗಾರ್ಡ್. ಅಂದರೆ ಅವನ ಆಟದ ಗುಣ ಅವನ ಮೈಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಉಳಿದ ನಾಲ್ವರ ಆಟದಲ್ಲಿ ಕಾಣುತ್ತದೆ. ಅವನನ್ನು ಅಳೆಯುವ ಬಗೆಯೆಲ್ಲ ಈ ಒಂದು ಮಾತಿನಿಂದ ಹೊರಡುತ್ತದೆ.

ಎಲ್ಲಿ ಕೂತು ಏನು ನೋಡಬೇಕು

ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಪಂದ್ಯ ನೋಡುವುದಾದರೆ ಅಂಕಣದ ಪಕ್ಕದ ಮುಂದಿನ ಸಾಲನ್ನು ಬಿಟ್ಟು ಮೇಲಿನ ಗ್ಯಾಲರಿಗೆ ಹೋಗಿ, ಸಾಧ್ಯವಾದರೆ ರಿಂಗ್‌ನ ಹಿಂಭಾಗಕ್ಕೆ ಕೂರಿ. ಮುಂದಿನ ಸಾಲಿನಿಂದ ಡ್ರಿಬಲ್‌ನ ಅಂದ ಚೆನ್ನಾಗಿ ಕಾಣುತ್ತದೆ, ಆದರೆ ಆಟಗಾರರ ನಡುವಿನ ಜಾಗ ಕಾಣುವುದಿಲ್ಲ. ಮಲ್ಲೇಶ್ವರ, ಜಯನಗರಗಳ ಕಡೆಯ ಬಯಲು ಅಂಕಣಗಳಲ್ಲಿ ಅಷ್ಟು ಎತ್ತರ ಸಿಗುವುದಿಲ್ಲ. ಅಲ್ಲಿ ಬೋರ್ಡಿನ ಕಂಬದ ಹಿಂದೆ ನಿಂತು ನೋಡುವುದು ಒಳ್ಳೆಯದು. ಒಂದು ಕ್ವಾರ್ಟರ್ ಅಂದರೆ 10 ನಿಮಿಷ, ಒಬ್ಬ ಗಾರ್ಡ್‌ಗೆ ಮೀಸಲಿಡಿ. ಆ ಹತ್ತು ನಿಮಿಷದಲ್ಲಿ ಚೆಂಡು ಅವನ ಕೈಯಲ್ಲಿದ್ದಾಗ ಅವನನ್ನು ನೋಡಬೇಡಿ, ಉಳಿದ ನಾಲ್ವರನ್ನು ನೋಡಿ. ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಹೋಗುವುದರಿಂದ ಇದು ಮೊದಮೊದಲು ಕಷ್ಟವಾಗುತ್ತದೆ, ಆದರೆ ಎರಡು ಮೂರು ಪಂದ್ಯಗಳಲ್ಲಿ ರೂಢಿಯಾಗುತ್ತದೆ.

ನಾಲ್ವರಲ್ಲಿ ನೋಡಬೇಕಾದದ್ದು ಒಂದೇ: ಅವರು ಓಡುತ್ತಿದ್ದಾರೆಯೇ, ನಿಂತಿದ್ದಾರೆಯೇ. ಚೆಂಡು ಬರುತ್ತದೆ ಎಂಬ ನಂಬಿಕೆಯಿರುವ ಆಟಗಾರ ಕಟ್ ಮಾಡುತ್ತಾನೆ, ಅಂದರೆ ಥಟ್ಟನೆ ಖಾಲಿ ಜಾಗಕ್ಕೆ ಓಡುತ್ತಾನೆ, ಕಾರ್ನರ್‌ಗೆ ಹೋಗಿ ಮೊಣಕಾಲು ಬಗ್ಗಿಸಿ ಕೈ ಸಿದ್ಧ ಮಾಡಿಕೊಂಡು ನಿಲ್ಲುತ್ತಾನೆ. ಆ ನಂಬಿಕೆ ಇಲ್ಲದವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾನೆ. ಅದೇ ನಾಲ್ವರು ಒಬ್ಬ ಗಾರ್ಡ್ ಇದ್ದಾಗ ಓಡಿ, ಇನ್ನೊಬ್ಬ ಬಂದಾಗ ನಿಂತುಬಿಟ್ಟರೆ, ಮೊದಲನೆಯವನು ಯಾರೆಂದು ತಂಡವೇ ನಿಮಗೆ ಹೇಳಿದಂತಾಯಿತು. ಎದುರಾಳಿ ಬ್ಯಾಸ್ಕೆಟ್ ಹಾಕಿದ ಮೇಲೆ ಬೇಸ್‌ಲೈನ್ ಹಿಂದಿನಿಂದ ಚೆಂಡು ಒಳಗೆ ಕೊಡುವವನ ಕಣ್ಣು ಮೊದಲು ಯಾರನ್ನು ಹುಡುಕುತ್ತದೆ ಎಂಬುದನ್ನೂ ಗಮನಿಸಿ. ಕೋಚ್ ಯಾರನ್ನು ಪಾಯಿಂಟ್ ಗಾರ್ಡ್ ಎಂದಿದ್ದರೂ ದಣಿದ ಸೆಂಟರ್ ಆಟಗಾರ ತನಗೆ ನಂಬಿಕೆಯಿರುವವನಿಗೇ ಚೆಂಡು ಕೊಡುತ್ತಾನೆ.

ಪ್ರೆಸ್ ಬಂದಾಗ

ಎದುರಾಳಿ ಪೂರ್ಣ ಅಂಕಣದಲ್ಲಿ ಪ್ರೆಸ್ ಹಾಕಿದಾಗ, ಅಂದರೆ ಚೆಂಡು ಹೊರಟಲ್ಲಿಂದಲೇ ಒತ್ತಿ ತಡೆದಾಗ, ಗಾರ್ಡ್‌ಗಳ ನಡುವಿನ ವ್ಯತ್ಯಾಸ ಬೇಗ ಹೊರಬೀಳುತ್ತದೆ. ಸೈಡ್‌ಲೈನ್ ಮತ್ತು ಅರ್ಧ ಗೆರೆ ಸೇರುವ ಮೂಲೆ ಡಿಫೆನ್ಸ್‌ಗೆ ಪುಕ್ಕಟೆಯಾಗಿ ಸಿಗುವ ಇಬ್ಬರು ಆಟಗಾರರಿದ್ದಂತೆ. ಗೆರೆ ದಾಟಿದ ಮೇಲೆ ಚೆಂಡನ್ನು ಹಿಂದಕ್ಕೆ ತರುವಂತಿಲ್ಲ, ಪಕ್ಕದ ಗೆರೆ ಮೆಟ್ಟುವಂತೆಯೂ ಇಲ್ಲ. ಟ್ರ್ಯಾಪ್ ಹಾಕುವ, ಅಂದರೆ ಚೆಂಡಿರುವವನನ್ನು ಇಬ್ಬರು ಸೇರಿ ಮುತ್ತುವ ತಂಡ ಗಾರ್ಡ್‌ನನ್ನು ಆ ಮೂಲೆಗೇ ನೂಕುತ್ತದೆ. ಬರೀ ಡ್ರಿಬಲ್ ಬಲ್ಲವನು ತನ್ನ ವೇಗವನ್ನು ನಂಬಿ ಅಲ್ಲಿಗೆ ಹೋಗುತ್ತಾನೆ, ಇಬ್ಬರು ಮೈಮೇಲೆ ಬಂದ ಮೇಲೆ ಚೆಂಡು ಹಿಡಿದು ನಿಲ್ಲುತ್ತಾನೆ, ಆಮೇಲೆ ತಲೆಯೆತ್ತಿ ಜನ ಹುಡುಕುತ್ತಾನೆ. ಪಾಯಿಂಟ್ ಗಾರ್ಡ್ ಎರಡನೆಯ ಡಿಫೆಂಡರ್ ಹೊರಡುವ ಕ್ಷಣದಲ್ಲೇ ಡ್ರಿಬಲ್ ಬಿಡದೆ ಒಂದೆರಡು ಹೆಜ್ಜೆ ಹಿಂದೆ ಸರಿದು, ಆ ಡಿಫೆಂಡರ್ ಬಿಟ್ಟುಬಂದ ಆಟಗಾರನಿಗೆ ಅಂಕಣದ ಮಧ್ಯಕ್ಕೆ ಪಾಸ್ ಕೊಡುತ್ತಾನೆ. ಟ್ರ್ಯಾಪ್‌ನಿಂದ ತಪ್ಪಿಸಿಕೊಂಡು ಚಪ್ಪಾಳೆ ಗಿಟ್ಟಿಸುವವನಿಗಿಂತ ಟ್ರ್ಯಾಪ್ ಕೂಡಿಕೊಳ್ಳುವ ಮೊದಲೇ ಚೆಂಡು ಕಳಿಸಿದವನು ದೊಡ್ಡ ಆಟಗಾರ. ಎರಡನೆಯವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲವಾದ್ದರಿಂದ ಇದನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲೇಬೇಕು.

ಪಾಸ್ ಎಲ್ಲಿ ಬಿತ್ತು

ಮಲ್ಲೇಶ್ವರದ ಒಂದು ಬಯಲು ಅಂಕಣದಲ್ಲಿ, ಮಳೆ ನಿಂತು ಸಿಮೆಂಟು ಅರ್ಧ ಒಣಗಿದ್ದ ಒಂದು ಸಂಜೆ, ಅಭ್ಯಾಸದಲ್ಲಿದ್ದ ಇಬ್ಬರು ಗಾರ್ಡ್‌ಗಳನ್ನು ನಾನು ಹತ್ತಿರದಿಂದ ನೋಡಿದ್ದೆ. ಇಬ್ಬರೂ ಒಂದೇ ವಿಂಗ್‌ನಲ್ಲಿ, ಅಂದರೆ ಅಂಕಣದ ಒಂದು ಪಕ್ಕದಲ್ಲಿ, ಇದ್ದ ಒಬ್ಬಳೇ ಶೂಟರ್‌ಗೆ ಪಾಸ್ ಕೊಡುತ್ತಿದ್ದರು. ಮೊದಲನೆಯವಳ ಪಾಸ್ ಜೋರಾಗಿ, ನೇರವಾಗಿ ಹೋಗುತ್ತಿತ್ತು, ಆದರೆ ಒಮ್ಮೆ ಮೊಣಕಾಲಿಗೆ, ಒಮ್ಮೆ ಎಡಭುಜಕ್ಕೆ. ಶೂಟರ್ ಪ್ರತಿ ಸಲವೂ ಚೆಂಡನ್ನು ಮೊದಲು ಕೆಳಗಿನಿಂದ ಎತ್ತಿ ಅಥವಾ ಪಕ್ಕದಿಂದ ಎಳೆದುಕೊಂಡು, ಕಾಲು ಸರಿಪಡಿಸಿಕೊಂಡು, ಆಮೇಲೆ ಹೊಡೆಯಬೇಕಾಗಿತ್ತು. ಎರಡನೆಯವಳು ಅಷ್ಟು ಜೋರಾಗಿ ಎಸೆಯುತ್ತಿರಲಿಲ್ಲ. ಅವಳ ಚೆಂಡು ಶೂಟರ್‌ನ ಬಲಗೈ ಮುಂದೆ, ಸೊಂಟಕ್ಕೂ ಎದೆಗೂ ನಡುವೆ, ಆ ಶೂಟರ್‌ನ ಎಡಗಾಲು ನೆಲಕ್ಕೆ ಬೀಳುವ ಹೊತ್ತಿಗೆ ಬಂದು ಕೂರುತ್ತಿತ್ತು. ಬಲಗಾಲು ಬಂದು ಸೇರುವಷ್ಟರಲ್ಲಿ ಶಾಟ್ ಹೊರಟಿರುತ್ತಿತ್ತು. ಚೆಂಡು ಒದ್ದೆಯಾಗಿ ಜಾರುತ್ತಿದ್ದುದನ್ನು ಕಂಡು ಅವಳು ಒಂದು ಹಂತದಲ್ಲಿ ಬೌನ್ಸ್ ಪಾಸ್ ನಿಲ್ಲಿಸಿ, ಪ್ರತಿ ಪಾಸ್‌ಗೂ ಮುಂಚೆ ಅಂಗೈಯನ್ನು ಶಾರ್ಟ್ಸ್‌ಗೆ ಒರೆಸಿಕೊಳ್ಳತೊಡಗಿದ್ದಳು. ಸ್ಕೋರ್‌ಶೀಟ್‌ನಲ್ಲಿ ಇಬ್ಬರ ಅಸಿಸ್ಟ್‌ಗೂ, ಅಂದರೆ ಬ್ಯಾಸ್ಕೆಟ್‌ಗೆ ದಾರಿ ಮಾಡಿಕೊಟ್ಟ ಪಾಸ್‌ಗೂ, ಒಂದೇ ಬೆಲೆ. ಆದರೆ ಆ ಅರ್ಧ ಸೆಕೆಂಡಿನ ವ್ಯತ್ಯಾಸದಲ್ಲಿ ಡಿಫೆಂಡರ್ ಕೈ ಬಂದು ತಲುಪುತ್ತದೆ.

ಆದ್ದರಿಂದ ಪಾಸ್ ಹೋಯಿತೇ ಎಂದು ಕೇಳಿಕೊಳ್ಳುವುದು ಸಾಲದು; ಪಡೆದವನು ಅದನ್ನು ಸರಿಪಡಿಸಿಕೊಳ್ಳದೆ ಬಳಸಲು ಸಾಧ್ಯವಾಯಿತೇ ಎಂದು ಕೇಳಿಕೊಳ್ಳಬೇಕು. ಪೋಸ್ಟ್‌ನಲ್ಲಿ, ಅಂದರೆ ರಿಂಗ್ ಬಳಿಯ ಜಾಗದಲ್ಲಿ, ಇರುವ ಆಟಗಾರನಿಗೆ ಡಿಫೆಂಡರ್‌ನಿಂದ ದೂರದ ಕೈಗೆ, ಫಾಸ್ಟ್ ಬ್ರೇಕ್‌ನಲ್ಲಿ ಓಡುವವನಿಗೆ ಒಂದು ಹೆಜ್ಜೆ ಮುಂದಕ್ಕೆ, ಡ್ರಿಬಲ್ ಅಷ್ಟಾಗಿ ಬರದ ಎತ್ತರದ ಆಟಗಾರನಿಗೆ ರಿಂಗ್‌ನ ಹತ್ತಿರಕ್ಕೆ ಬಂದ ಮೇಲೆಯೇ ಕೊಡುವುದು ಇದರಲ್ಲಿ ಸೇರಿದೆ. ಒಂದೇ ಗಾರ್ಡ್ ಬೇರೆ ಬೇರೆ ಜನಕ್ಕೆ ಬೇರೆ ಬೇರೆ ರೀತಿಯ ಪಾಸ್ ಕೊಡುತ್ತಿದ್ದರೆ ಅವನು ತನ್ನ ಜೊತೆಗಾರರನ್ನು ಓದಿಕೊಂಡಿದ್ದಾನೆ ಎಂದು ಅರ್ಥ.

ಪಿಕ್ ಅಂಡ್ ರೋಲ್‌ನಲ್ಲಿ ಕಣ್ಣು ಎಲ್ಲಿದೆ

ಈ ಕಾಲದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಗಾರ್ಡ್‌ನ ಪರೀಕ್ಷೆ ಅತಿ ಹೆಚ್ಚು ಸಲ ನಡೆಯುವುದು ಸ್ಕ್ರೀನ್‌ನ ಬಳಿ. ಎತ್ತರದ ಆಟಗಾರ ಬಂದು ಗಾರ್ಡ್‌ನ ಡಿಫೆಂಡರ್‌ಗೆ ಅಡ್ಡ ನಿಂತು ಸ್ಕ್ರೀನ್ ಹಾಕುತ್ತಾನೆ, ಗಾರ್ಡ್ ಅವನ ಭುಜ ಸವರಿಕೊಂಡು ದಾಟುತ್ತಾನೆ, ಸ್ಕ್ರೀನ್ ಹಾಕಿದವನು ರಿಂಗ್ ಕಡೆ ತಿರುಗಿ ಓಡುತ್ತಾನೆ; ಇದೇ ಪಿಕ್ ಅಂಡ್ ರೋಲ್. ಡಿಫೆನ್ಸ್‌ಗೆ ಇಲ್ಲಿ ಮುಖ್ಯವಾಗಿ ನಾಲ್ಕು ದಾರಿಗಳಿವೆ: ಎತ್ತರದ ಡಿಫೆಂಡರ್ ರಿಂಗ್ ಬಳಿಯೇ ಹಿಂದೆ ನಿಲ್ಲಬಹುದು, ಕ್ಷಣಕಾಲ ಹೊರಗೆ ಬಂದು ತಡೆದು ವಾಪಸಾಗಬಹುದು, ಇಬ್ಬರು ಡಿಫೆಂಡರ್‌ಗಳು ಆಳು ಬದಲಾಯಿಸಿಕೊಳ್ಳಬಹುದು, ಅಥವಾ ಇಬ್ಬರೂ ಸೇರಿ ಗಾರ್ಡ್‌ನನ್ನು ಟ್ರ್ಯಾಪ್ ಮಾಡಬಹುದು. ಪ್ರತಿಯೊಂದಕ್ಕೂ ಉತ್ತರ ಬೇರೆ. ಹಿಂದೆ ನಿಂತರೆ ನಡುವಿನ ಖಾಲಿ ಜಾಗದಲ್ಲಿ ಗಾರ್ಡ್‌ನ ಶಾಟ್. ಹೊರಬಂದು ತಡೆದರೆ ಅವನು ವಾಪಸಾಗುವುದರೊಳಗೆ ರೋಲ್ ಮಾಡುವವನಿಗೆ ಪಾಸ್. ಆಳು ಬದಲಾದರೆ ಗಿಡ್ಡ ಡಿಫೆಂಡರ್ ಸಿಕ್ಕಿರುವ ಎತ್ತರದ ಆಟಗಾರನಿಗೆ ಪೋಸ್ಟ್‌ನಲ್ಲಿ ಚೆಂಡು. ಟ್ರ್ಯಾಪ್ ಆದರೆ ತಕ್ಷಣ ಪಾಸ್, ಏಕೆಂದರೆ ಉಳಿದ ಕಡೆ ಈಗ ನಾಲ್ವರ ವಿರುದ್ಧ ಮೂವರೇ ಇದ್ದಾರೆ.

ನೀವು ನೋಡಬೇಕಾದದ್ದು ಗಾರ್ಡ್‌ನ ಕಣ್ಣು. ತನ್ನ ಮುಂದಿರುವ ಡಿಫೆಂಡರ್‌ನನ್ನೇ ನೋಡುತ್ತಿದ್ದರೆ ಅವನಿಗೆ ಒಬ್ಬರ ವಿರುದ್ಧ ಒಬ್ಬರ ಆಟ ಮಾತ್ರ ಗೊತ್ತು. ಸ್ಕ್ರೀನ್ ಹಾಕಿದವನ ಡಿಫೆಂಡರ್‌ನನ್ನು ನೋಡುತ್ತಿದ್ದರೆ ಅವನು ಎರಡನೆಯ ಮೆಟ್ಟಿಲಿನಲ್ಲಿದ್ದಾನೆ. ಸ್ಕ್ರೀನ್‌ಗೆ ಸಂಬಂಧವೇ ಇಲ್ಲದ, ಆಚೆ ಕಾರ್ನರ್‌ನಿಂದ ಸಹಾಯಕ್ಕೆ ಬರಬೇಕಾದ ಡಿಫೆಂಡರ್ ಒಂದು ಹೆಜ್ಜೆ ಒಳಗಿಟ್ಟನೇ ಎಂದು ನೋಡಿ, ಇಟ್ಟ ಕೂಡಲೇ ಅಲ್ಲಿಗೆ ಅಡ್ಡ ಪಾಸ್ ಕಳಿಸುವವನೇ ನೀವು ಹುಡುಕುತ್ತಿರುವ ಆಟಗಾರ. ಇದನ್ನು ಖಚಿತಪಡಿಸಿಕೊಳ್ಳಲು ಒಂದೇ ಪಂದ್ಯದಲ್ಲಿ ಒಂದೇ ಪ್ಲೇ ಮೂರು ನಾಲ್ಕು ಸಲ ನಡೆದದ್ದನ್ನು ಹೋಲಿಸಿ. ಡಿಫೆನ್ಸ್ ಬದಲಾದಾಗಲೆಲ್ಲ ಕೊನೆಯೂ ಬದಲಾಗಿದ್ದರೆ ಅವನು ಓದಿ ಆಡುತ್ತಿದ್ದಾನೆ. ಡಿಫೆನ್ಸ್ ಏನೇ ಮಾಡಿದರೂ ಪ್ರತಿ ಸಲವೂ ರಿಂಗ್ ಬಳಿಯ ಅದೇ ಲೇಅಪ್ ಶಾಟ್‌ಗೆ ಹೊರಟರೆ ಅವನು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದಾನೆ.

ಅಂಕಿಗಳನ್ನು ಎಷ್ಟು ನಂಬಬೇಕು

ಅಸಿಸ್ಟ್ ಸಂಖ್ಯೆಗೆ ಬೆಲೆಯಿದೆ. ಎನ್‌ಬಿಎ ಇತಿಹಾಸದಲ್ಲಿ ಜಾನ್ ಸ್ಟಾಕ್‌ಟನ್ ಅವರ 15,806 ಅಸಿಸ್ಟ್‌ಗಳ ದಾಖಲೆ ಇಂದಿಗೂ ಉಳಿದಿರುವುದು, ಮ್ಯಾಜಿಕ್ ಜಾನ್ಸನ್ ಅವರ ಸರಾಸರಿ ಪಂದ್ಯಕ್ಕೆ 11.2 ಇರುವುದು ಆಕಸ್ಮಿಕವಲ್ಲ. ಆದರೆ ನಮ್ಮ ಸ್ಥಳೀಯ ಪಂದ್ಯಗಳಲ್ಲಿ ಒಂದು ಸಂಜೆಯ ಅಸಿಸ್ಟ್ ಲೆಕ್ಕದಿಂದ ತೀರ್ಪು ಕೊಡುವುದು ತಪ್ಪಾಗುತ್ತದೆ. ಪಾಸ್ ಎಷ್ಟೇ ಚೆನ್ನಾಗಿದ್ದರೂ ಶೂಟರ್ ತಪ್ಪಿಸಿದರೆ ಅಸಿಸ್ಟ್ ಇಲ್ಲ; ಎರಡು ಪಾಸ್‌ಗಳ ಹಿಂದೆ ಡಿಫೆನ್ಸ್‌ನ್ನು ಒಡೆದವನಿಗೂ ಇಲ್ಲ. ಫಿಬಾ ಲೆಕ್ಕದಲ್ಲಿ ಪಾಸ್ ಪಡೆದವನು ಶಾಟ್ ಹೊಡೆಯುವಾಗ ಫೌಲ್ ಆಗಿ ಕನಿಷ್ಠ ಒಂದು ಫ್ರೀ ಥ್ರೋ ಹಾಕಿದರೆ ಪಾಸ್ ಕೊಟ್ಟವನಿಗೆ ಅಸಿಸ್ಟ್ ಸಿಗುತ್ತದೆ, ಎನ್‌ಬಿಎಯಲ್ಲಿ ಸಿಗುವುದಿಲ್ಲ. ಆದ್ದರಿಂದ ಎರಡು ಕಡೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಎಚ್ಚರ ಬೇಕು.

ಹೀಗಾಗಿ ನಿಮ್ಮದೇ ಲೆಕ್ಕ ಇಡುವುದು ಲೇಸು. ಪುಸ್ತಕದಲ್ಲಿ ಪ್ರತಿ ಗಾರ್ಡ್‌ಗೂ ನಾಲ್ಕು ಕಾಲಂ ಎಳೆಯಿರಿ: ಅಸಿಸ್ಟ್, ಶಾಟ್ ಬೀಳದಿದ್ದರೂ ಒಳ್ಳೆಯ ಅವಕಾಶ ಕೊಟ್ಟ ಪಾಸ್, ಪಾಸ್‌ನಲ್ಲಾದ ಟರ್ನ್‌ಓವರ್ (ಚೆಂಡು ಎದುರಾಳಿಯ ಪಾಲಾದದ್ದು), ಡ್ರಿಬಲ್‌ನಲ್ಲಾದ ಟರ್ನ್‌ಓವರ್. ಕೊನೆಯ ಎರಡನ್ನು ಬೇರೆ ಮಾಡಲು ಕಾರಣವಿದೆ. ಸರಿಯಾದ ಜಾಗಕ್ಕೆ ಕೊಟ್ಟ ಪಾಸ್ ಸ್ವಲ್ಪದರಲ್ಲಿ ತಪ್ಪಿದರೆ ಅದು ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದ ತಪ್ಪು. ಮೂವರ ನಡುವೆ ನುಗ್ಗಿ ಚೆಂಡು ಕಳೆದುಕೊಳ್ಳುವುದು ತೀರ್ಮಾನದ ತಪ್ಪು. ಜಾನ್ ಹಾಲಿಂಜರ್ ಎಂಬ ವಿಶ್ಲೇಷಕರು ಇಂಥ ಆಟಗಾರರನ್ನು ಅಳೆಯಲು ಮಾಡಿದ ಸೂತ್ರದಲ್ಲಿ ಅಸಿಸ್ಟ್‌ನ ಮೂರರಲ್ಲಿ ಎರಡು ಭಾಗವನ್ನು ಮಾತ್ರ ತೆಗೆದುಕೊಂಡು, ಅದರಿಂದ ಟರ್ನ್‌ಓವರ್‌ನ್ನು ಪೂರ್ತಿಯಾಗಿ ಕಳೆಯುತ್ತಾರೆ. ಬ್ಯಾಸ್ಕೆಟ್ ಬಿದ್ದುದರಲ್ಲಿ ಶೂಟರ್‌ಗೂ ಪಾಲಿದೆ, ಕಳೆದುಕೊಂಡ ಚೆಂಡಿನ ಹೊಣೆ ಮಾತ್ರ ಕಳೆದವನದೇ ಎಂಬುದು ಇದರ ಹಿಂದಿನ ನ್ಯಾಯ. 6 ಅಸಿಸ್ಟ್, 4 ಟರ್ನ್‌ಓವರ್ ಇರುವ ಗಾರ್ಡ್‌ಗೆ ಈ ಲೆಕ್ಕದಲ್ಲಿ ಸಿಗುವುದು ಸೊನ್ನೆ. 4 ಅಸಿಸ್ಟ್, 1 ಟರ್ನ್‌ಓವರ್ ಇರುವವನಿಗೆ 1.67. ಸೂತ್ರದ ಉಳಿದ ಭಾಗ ಆಡಿದ ನಿಮಿಷ ಮತ್ತು ಆಟದ ವೇಗವನ್ನು ಸರಿದೂಗಿಸುವುದಕ್ಕಾಗಿ ಇದೆ. ಒಂದೇ ತಂಡದ ಗಾರ್ಡ್‌ಗಳನ್ನು ಹೋಲಿಸಲು ನಿಮಿಷದಿಂದ ಭಾಗಿಸಿದರೆ ಸಾಕು. ಕನಿಷ್ಠ ಐದಾರು ಪಂದ್ಯಗಳಾಗುವವರೆಗೆ ಈ ಅಂಕಿಗಳಿಂದ ಏನನ್ನೂ ನಿರ್ಧರಿಸಬೇಡಿ.

ಕೆಟ್ಟ ನಿಮಿಷಗಳು

ತಂಡ ಮುಂದಿದ್ದಾಗ ಎಲ್ಲ ಗಾರ್ಡ್‌ಗಳೂ ಚೆನ್ನಾಗಿಯೇ ಕಾಣುತ್ತಾರೆ. ಎದುರಾಳಿ ಸತತವಾಗಿ ಎಂಟು ಅಂಕ ಗಳಿಸಿದಾಗ, ಇನ್ನೂ ಟೈಮ್‌ಔಟ್ ಸಿಕ್ಕಿರದಾಗ, ನಿಮ್ಮ ಗಾರ್ಡ್ ಏನು ಮಾಡುತ್ತಾನೆ ಎಂಬುದನ್ನು ಬರೆದಿಟ್ಟುಕೊಳ್ಳಿ. ತಾನೇ ಸರಿಮಾಡುತ್ತೇನೆಂದು ಹೊರಟು ಐದು ಸೆಕೆಂಡಿನಲ್ಲಿ ಮೂರು ಅಂಕದ ಶಾಟ್ ಹೊಡೆಯುವವನಿಗೆ ಧೈರ್ಯವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಾಯಿಂಟ್ ಗಾರ್ಡ್ ಆ ಹೊತ್ತಿನಲ್ಲಿ ನಡಿಗೆ ನಿಧಾನ ಮಾಡಿ, ಕೈಯೆತ್ತಿ ಪ್ಲೇ ಕೂಗಿ, ಹತ್ತು ನಿಮಿಷದಿಂದ ಚೆಂಡನ್ನೇ ಮುಟ್ಟದೆ ತಣ್ಣಗಾಗಿರುವ ಆಟಗಾರನಿಗೆ ರಿಂಗ್ ಹತ್ತಿರ ಒಂದು ಸುಲಭದ ಅವಕಾಶ ಮಾಡಿಕೊಡುತ್ತಾನೆ.

ಗಡಿಯಾರ ಮತ್ತು ಫೌಲ್ ಲೆಕ್ಕ ಅವನ ತಲೆಯಲ್ಲಿ ಇರಬೇಕು. ಕ್ವಾರ್ಟರ್ ಒಂದರಲ್ಲಿ ಎದುರಾಳಿ ತಂಡದ ಫೌಲ್ ನಾಲ್ಕಾಗಿದ್ದರೆ ಐದನೆಯದರಿಂದ ಎರಡು ಫ್ರೀ ಥ್ರೋ ಸಿಗುವುದರಿಂದ ಹೊರಗಿನ ಶಾಟ್ ಬಿಟ್ಟು ಒಳಗೆ ನುಗ್ಗುವಂತೆ ಆಟ ತಿರುಗಿಸಬೇಕು. ಕ್ವಾರ್ಟರ್ ಮುಗಿಯಲು 38 ಸೆಕೆಂಡು ಇರುವಾಗ ಚೆಂಡು ಸಿಕ್ಕರೆ 32ರ ಹೊತ್ತಿಗೆ ಒಳ್ಳೆಯ ಶಾಟ್ ಹುಡುಕಬೇಕು. ಎದುರಾಳಿ ತನ್ನ 24 ಸೆಕೆಂಡು ಪೂರ್ತಿ ಬಳಸಿದರೂ ಕೊನೆಯ 8 ಸೆಕೆಂಡು ನಮಗೆ ಉಳಿಯುತ್ತದೆ. ಇಂಥ ಒಂದೊಂದು ಚೆಂಡಿನ ತೂಕ ಬೆಂಗಳೂರಿನ ಪ್ರೇಕ್ಷಕರಿಗೆ ಹೊಸತಲ್ಲ. 2017ರ ಜುಲೈನಲ್ಲಿ ಕಂಠೀರವದಲ್ಲಿಯೇ ನಡೆದ ಫಿಬಾ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು ಸೋಲಿಸಿದ್ದು 75-73ರಿಂದ, ಕೇವಲ ಒಂದು ಬ್ಯಾಸ್ಕೆಟ್ ಅಂತರದಿಂದ.

ಡಿಫೆನ್ಸ್ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಎದುರಾಳಿಯ ಚೆಂಡು ತರುವವನನ್ನು ಅರ್ಧ ಅಂಕಣದಿಂದಲೇ ತಡೆಯುತ್ತಾನೆಯೇ, ಹಿಂದಿರುವವರಿಗೆ ಸ್ಕ್ರೀನ್ ಬಂತೆಂದು ಕೂಗಿ ಹೇಳುತ್ತಾನೆಯೇ ಎಂಬೆರಡನ್ನು ನೋಡಿದರೆ ಸಾಕು.

ಸ್ಕೋರರ್ ಆದವನನ್ನು ತಪ್ಪಾಗಿ ತೂಗಬಾರದು

ಹಲವು ವರ್ಷಗಳ ಹಿಂದೆ ಒಂದು ತಂಡದ ಆಯ್ಕೆಯಲ್ಲಿ ನಾನೂ ಕೂತಿದ್ದೆ. ಇಬ್ಬರು ಗಾರ್ಡ್‌ಗಳಲ್ಲಿ ಆ ದಿನ 20ಕ್ಕಿಂತ ಹೆಚ್ಚು ಅಂಕ ಗಳಿಸಿದವನಿಗೆ ಪಾಯಿಂಟ್ ಗಾರ್ಡ್ ಜಾಗ ಕೊಡೋಣವೆಂದು ನಾನೇ ಹೇಳಿದೆ. ಇನ್ನೊಬ್ಬ ಹುಡುಗ ಆರು ಅಂಕ ಮಾತ್ರ ಗಳಿಸಿದ್ದ. ಟೂರ್ನಿಯ ಎರಡನೆಯ ಪಂದ್ಯದ ಹೊತ್ತಿಗೆ ನಮ್ಮ ಎತ್ತರದ ಆಟಗಾರರಿಗೆ ಚೆಂಡೇ ಸಿಗದೆ ಅವರು ರಿಬೌಂಡ್‌ಗೂ ಓಡುವುದನ್ನು ಬಿಟ್ಟಿದ್ದರು. ಆಗ ನನಗೆ ಅರಿವಾದದ್ದೆಂದರೆ, ನಾನು ಇಬ್ಬರಿಗೂ ಅನ್ಯಾಯ ಮಾಡಿದ್ದೆ. ಆರು ಅಂಕದ ಹುಡುಗನನ್ನು ಮನೆಗೆ ಕಳಿಸಿದ್ದೊಂದೇ ಅಲ್ಲ, ಚೆನ್ನಾಗಿ ಅಂಕ ಗಳಿಸಬಲ್ಲ ಇನ್ನೊಬ್ಬನ ತಲೆಯ ಮೇಲೆ ಅವನದಲ್ಲದ ಕೆಲಸ ಹೊರಿಸಿದ್ದೆ.

ಎನ್‌ಬಿಎ ಆಟಗಾರ ಅಲೆನ್ ಐವರ್ಸನ್ ವೃತ್ತಿಜೀವನದ ಮೊದಲಲ್ಲಿ ಪಾಯಿಂಟ್ ಗಾರ್ಡ್ ಆಗಿದ್ದರು. ಆಮೇಲೆ ಕೋಚ್ ಲ್ಯಾರಿ ಬ್ರೌನ್ ಅವರನ್ನು ಅಂಕ ಗಳಿಸುವುದೇ ಮುಖ್ಯ ಕೆಲಸವಾದ ಶೂಟಿಂಗ್ ಗಾರ್ಡ್ ಸ್ಥಾನಕ್ಕೆ ಸರಿಸಿ, ಚೆಂಡು ತರುವ ಕೆಲಸವನ್ನು ಎರಿಕ್ ಸ್ನೋ ಅವರಿಗೆ ಒಪ್ಪಿಸಿದರು. 2001ರಲ್ಲಿ ಐವರ್ಸನ್ ಲೀಗ್‌ನ ಅತ್ಯುತ್ತಮ ಆಟಗಾರರೆನಿಸಿಕೊಂಡರು, ಅವರ ತಂಡ ಫಿಲಡೆಲ್ಫಿಯಾ ಫೈನಲ್ ತಲುಪಿತು. ಇದಕ್ಕೆ ತದ್ವಿರುದ್ಧವಾಗಿ, 2016-17ರಲ್ಲಿ ಶೂಟಿಂಗ್ ಗಾರ್ಡ್ ಆಗಿದ್ದ ಜೇಮ್ಸ್ ಹಾರ್ಡನ್ ಅವರ ಕೈಗೆ ಮೈಕ್ ಡಿ'ಆಂಟೋನಿ ಆಟವನ್ನು ಕೊಟ್ಟಾಗ ಅವರು ಅಸಿಸ್ಟ್‌ನಲ್ಲಿ ಇಡೀ ಲೀಗ್‌ಗೆ ಮೊದಲಿಗರಾದರು. 2015-16ರ ಗೋಲ್ಡನ್ ಸ್ಟೇಟ್ ತಂಡದಲ್ಲಿ ಪಾಯಿಂಟ್ ಗಾರ್ಡ್ ಎನಿಸಿಕೊಂಡ ಸ್ಟೀಫನ್ ಕರಿ ಅವರಿಗಿಂತ ಹೆಚ್ಚು ಅಸಿಸ್ಟ್ ಕೊಟ್ಟವರು ಫಾರ್ವರ್ಡ್ ಡ್ರೇಮಂಡ್ ಗ್ರೀನ್. ಹೀಗಾಗಿ ನಿಮ್ಮ ಗಾರ್ಡ್‌ಗಳಲ್ಲಿ ಯಾರೂ ನಿಜವಾದ ಪಾಯಿಂಟ್ ಗಾರ್ಡ್ ಅಲ್ಲವೆಂದು ಕಂಡುಬಂದರೆ ಅದನ್ನು ದೋಷವೆಂದು ಬರೆಯದೆ, ಆ ಕೆಲಸ ತಂಡದ ಬೇರೆ ಯಾರಿಗೆ ಒಪ್ಪುತ್ತದೆ ಎಂದು ಹುಡುಕಲು ಶುರುಮಾಡಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಯಾವ ಹಣೆಪಟ್ಟಿಯನ್ನೂ ಹಚ್ಚಬೇಡಿ. ಎತ್ತರದ ಮಗುವಿಗೂ ಚೆಂಡು ತರಲು ಕೊಡಿ.

ಇಷ್ಟೆಲ್ಲ ನೋಡಿದ ಮೇಲೂ ಇಬ್ಬರ ನಡುವೆ ಅನುಮಾನ ಉಳಿದರೆ ಅಭ್ಯಾಸದಲ್ಲಿ ಒಂದು ಆಟ ಆಡಿಸಿ. ನಾಲ್ವರ ವಿರುದ್ಧ ನಾಲ್ವರು, ಅರ್ಧ ಅಂಕಣ, ಹತ್ತು ನಿಮಿಷ, ಯಾರೂ ಡ್ರಿಬಲ್ ಮಾಡುವಂತಿಲ್ಲ. ಮಲ್ಲೇಶ್ವರದ ಆ ಸಂಜೆಯೂ ಕೋಚ್ ಇದನ್ನೇ ಆಡಿಸಿದ್ದರು. ಡ್ರಿಬಲ್‌ನಲ್ಲಿ ಎಲ್ಲರನ್ನೂ ದಾಟುತ್ತಿದ್ದ ಮೊದಲನೆಯವಳು ಚೆಂಡು ಹಿಡಿದು ನಿಂತಲ್ಲೇ ತಿರುಗುತ್ತಿದ್ದಳು. ಎರಡನೆಯವಳು ಪಾಸ್ ಕೊಟ್ಟ ಕೂಡಲೇ ತಾನು ಕಟ್ ಮಾಡುತ್ತ, ಓಡುತ್ತಲೇ ಬಲಗೈ ಚಾಚಿ ಪೋಸ್ಟ್‌ನಲ್ಲಿದ್ದವಳಿಗೆ 'ಅಕ್ಕಾ, ಈ ಕಡೆ ಬನ್ನಿ, ಈಗ ಬರತ್ತೆ' ಎಂದು ಕೂಗಿದಳು. ಅವಳಿಗಿಂತ ವಯಸ್ಸಿನಲ್ಲೂ ಎತ್ತರದಲ್ಲೂ ದೊಡ್ಡವಳಾದ ಆ ಹುಡುಗಿ ಏನೂ ಕೇಳದೆ ಆ ಕಡೆ ಓಡಿದಳು, ಚೆಂಡು ಅಲ್ಲಿಗೆ ಬಂದಿತ್ತು.